ಮೂರು ರಿಮೋಟ್ ಬದಲು ಒಂದೇ ಸಾಕಾ?

ಪ್ರಶ್ನೆ: ನಮ್ಮ ಅತ್ತೆಗೆ ಟಿವಿ, ಸೆಟ್‌ಟಾಪ್ ಬಾಕ್ಸ್, ಸೌಂಡ್‌ಬಾರ್‌ಗೆ ಮೂರು ರಿಮೋಟ್‌ಗಳ ಗೊಂದಲ. ಯೂನಿವರ್ಸಲ್ ರಿಮೋಟ್ ತಂದೆ. ಪಟ್ಟಿಯ ಕೋಡ್‌ಗಳನ್ನೆಲ್ಲ ಹಾಕಿದರೂ ಸೌಂಡ್‌ಬಾರ್ ಮಾತ್ರ ಕೇಳುತ್ತಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಸೌಂಡ್‌ಬಾರ್‌ನ ಹಳೆಯ ರಿಮೋಟ್‌ಗೆ ಹೊಸ ಸೆಲ್ ಹಾಕಿ. ಅದರ ಮೂತಿಯನ್ನು ಫೋನಿನ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಬಟನ್ ಒತ್ತಿ. ಪರದೆಯಲ್ಲಿ ನೇರಳೆ ಚುಕ್ಕೆ ಮಿನುಗಿದರೆ ಅದು ಇನ್‌ಫ್ರಾರೆಡ್ ರಿಮೋಟ್. ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 38,000 ಸಲ ಮಿನುಗುವ ಬೆಳಕು ಅದು, ಬರಿಗಣ್ಣಿಗೆ ಕಾಣುವುದಿಲ್ಲ. ಬ್ಲೂಟೂತ್ ರಿಮೋಟ್ ಆಗಿದ್ದರೆ ಈ ಕೋಡ್‌ಗಳು ನಡೆಯುವುದಿಲ್ಲ, ಸುಮ್ನೆ ಒದ್ದಾಡಬೇಡಿ.

ಇನ್‌ಫ್ರಾರೆಡ್ ಆದರೆ ದಾರಿ ಇದೆ. ಮುಂಬೈನ ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ‘ಲರ್ನಿಂಗ್ ರಿಮೋಟ್’ ಅಂತಲೇ ಕೇಳಿ. ಅದಕ್ಕೆ ಕೋಡ್ ಬೇಡ, ಹಳೆಯ ರಿಮೋಟ್‌ನಿಂದಲೇ ಕಲಿಯುತ್ತದೆ. ಮಾಟುಂಗಾದ ನಮ್ಮ ಮನೆಯಲ್ಲಿ ಅಪ್ಪನಿಗೆ ನಾನು ಹೀಗೇ ಮಾಡಿಕೊಟ್ಟೆ. ಊಟದ ಮೇಜಿನ ಮೇಲೆ ಎರಡು ರಿಮೋಟ್‌ಗಳನ್ನು ಮೂತಿಗೆ ಮೂತಿ ಇಟ್ಟೆ, ನಡುವೆ ಎರಡು ಬೆರಳಿನಷ್ಟು ಜಾಗ. ಹೊಸದರಲ್ಲಿ ಲರ್ನ್ ಒತ್ತಿ, ಕಲಿಸಬೇಕಾದ ಬಟನ್ ಆರಿಸಿ, ಹಳೆಯದರ ಅದೇ ಬಟನ್ ಒತ್ತಿದೆ. ಕಿಟಕಿಯ ಬಿಸಿಲು ಬೀಳುತ್ತಿದ್ದಾಗ ಎರಡು ಸಲ ತಪ್ಪಿತು. ಪರದೆ ಎಳೆದ ಮೇಲೆ ಸರಿಹೋಯಿತು.

ಎಲ್ಲ ಬಟನ್ ಕಲಿಸುವುದು ಬೇಡ. ಅತ್ತೆಗೆ ಬೇಕಾಗುವುದು ಆನ್, ವಾಲ್ಯೂಮ್, ಮ್ಯೂಟ್ ಅಷ್ಟೇ ಅಲ್ವಾ? ವಾಲ್ಯೂಮ್ ಬಟನ್ ಮೇಲೆ ಕೆಂಪು ನೇಲ್ ಪಾಲಿಶ್‌ನ ಒಂದು ಬೊಟ್ಟು ಇಡಿ, ಕನ್ನಡಕ ಇಲ್ಲದಿದ್ದರೂ ಬೆರಳಿಗೆ ಸಿಗುತ್ತದೆ. ಹಳೆಯ ರಿಮೋಟ್ ಎಸೆಯಬೇಡಿ. ಸೆಲ್ ತೆಗೆದರೆ ಕಲಿತದ್ದನ್ನು ಮರೆಯುವ ರಿಮೋಟ್‌ಗಳೂ ಇವೆ.