‘ಮಿಣುಕುಹುಳುಗಳ ಸಮಾಧಿ’ ಕಥೆಯಲ್ಲಿ ತಪ್ಪು ಅಣ್ಣನದೇ ಅಲ್ವಾ?

ನೀವು ಕೇಳಿದ್ದು ಇಷ್ಟು: “ಸೇಯ್ತಾ ಸ್ವಲ್ಪ ತಗ್ಗಿ ನಡೆದಿದ್ದರೆ ತಂಗಿ ಬದುಕುತ್ತಿದ್ದಳು. ಓದಿದ ಮೇಲೆ ನನಗೆ ಅವನ ಮೇಲೆಯೇ ಸಿಟ್ಟು ಬಂತು. ನನಗೊಬ್ಬನಿಗೇ ಹೀಗಾ?”

ನಿಮಗೊಬ್ಬರಿಗೇ ಅಲ್ಲ. ನನಗೂ ಬಂದಿತ್ತು. ಜಪಾನಿನಲ್ಲೂ ಇತ್ತೀಚಿನ ವರ್ಷಗಳಲ್ಲಿ ಎಷ್ಟೋ ಜನ ಹೀಗೇ ಹೇಳುತ್ತಿದ್ದಾರೆ.

ಗೊತ್ತಿಲ್ಲದವರಿಗಾಗಿ ಕಥೆ ಹೇಳಿಬಿಡುತ್ತೇನೆ. ಅಕಿಯುಕಿ ನೊಸಾಕಾ 1967ರಲ್ಲಿ ಬರೆದ ನೀಳ್ಗತೆ ಇದು. 1945ರಲ್ಲಿ ಕೋಬೆ ಊರಿನ ಮೇಲೆ ಬಾಂಬು ಬೀಳುತ್ತೆ. ಹದಿನಾಲ್ಕರ ಸೇಯ್ತಾ, ನಾಲ್ಕರ ಸೆತ್ಸುಕೋ ತಾಯಿಯನ್ನು ಕಳೆದುಕೊಳ್ಳುತ್ತಾರೆ. ಅಪ್ಪ ನೌಕಾಪಡೆಗೆ ಹೋದವನು, ಸುದ್ದಿಯಿಲ್ಲ. ದೂರದ ನೆಂಟರ ಹೆಂಗಸೊಬ್ಬಳ ಮನೆ ಸೇರುತ್ತಾರೆ. ಅವಳು ಇವರ ತಾಯಿಯ ಕಿಮೋನೊಗಳನ್ನು ಕೊಟ್ಟು ಅಕ್ಕಿ ತರುತ್ತಾಳೆ. ಆದರೆ ಅನ್ನ ದುಡಿಯುವವರಿಗೆ, ಇವರಿಗೆ ತೆಳು ಗಂಜಿ. ಚುಚ್ಚು ಮಾತು ತಡೆಯಲಾರದೆ ಹುಡುಗ ತಂಗಿಯನ್ನು ಕರೆದುಕೊಂಡು ಕೆರೆ ಪಕ್ಕದ ಗುಹೆಯಂಥ ಜಾಗಕ್ಕೆ ಹೋಗಿಬಿಡುತ್ತಾನೆ. ಜಪಾನ್ ಸೋತ ಒಂದು ವಾರಕ್ಕೆ, ಆಗಸ್ಟ್ 22ಕ್ಕೆ, ಹುಡುಗಿ ಸಾಯುತ್ತಾಳೆ. ಇನ್ನೊಂದು ತಿಂಗಳಿಗೆ ಅವನೂ ರೈಲು ನಿಲ್ದಾಣದಲ್ಲಿ ಹಸಿದು ಸಾಯುತ್ತಾನೆ. ಕಥೆ ಶುರುವಾಗುವುದೇ ಆ ಸಾವಿನಿಂದ.

ಇಪ್ಪತ್ತೆರಡರ ವಯಸ್ಸಿನಲ್ಲಿ ಇಂಗ್ಲಿಷ್ ಅನುವಾದ ಓದಿದಾಗ ನನ್ನ ಸಿಟ್ಟೆಲ್ಲ ಆ ಹೆಂಗಸಿನ ಮೇಲಿತ್ತು. ಹತ್ತು ವರ್ಷ ಬಿಟ್ಟು ಮತ್ತೆ ಓದಿದೆ. ಅಷ್ಟರಲ್ಲಿ ನನಗೂ ಮಗಳಿದ್ದಳು. ಈ ಸಲ ಹುಡುಗನನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಬ್ಯಾಂಕಿನಲ್ಲಿ ಅಮ್ಮ ಇಟ್ಟ ದುಡ್ಡಿದೆ. ವಾಪಸ್ ಹೋಗಿ ಒಂದು ಮಾತು ಕೇಳಿಕೊಳ್ಳಬಾರದಾ? ಅಷ್ಟೊಂದು ಹಟ ಯಾಕೆ? ನಿಮ್ಮ ಸಿಟ್ಟು ಇದೇ ಇರಬೇಕು.

ಆಮೇಲೆ ನೊಸಾಕಾ ಅವರ ಬದುಕಿನ ಬಗ್ಗೆ ಓದಿದೆ. ಕೋಬೆ ದಾಳಿಯಲ್ಲಿ ಅವರು ಸಾಕುತಂದೆಯನ್ನು ಕಳೆದುಕೊಂಡರು. ಪುಟ್ಟ ಸಾಕುತಂಗಿ ಅವರ ಕೈಗೆ ಬಂದಳು. ಅವಳಿಗಿನ್ನೂ ಒಂದೂವರೆ ವರ್ಷವೂ ತುಂಬಿರಲಿಲ್ಲ. ಅದೇ ಆಗಸ್ಟಿನಲ್ಲಿ ಅನ್ನವಿಲ್ಲದೆ ಸತ್ತಳು. ತಾನು ಸೇಯ್ತಾನಷ್ಟು ಒಳ್ಳೆಯ ಅಣ್ಣ ಆಗಿರಲಿಲ್ಲ, ತಂಗಿಯ ಪಾಲಿನದನ್ನೂ ತಾನೇ ತಿಂದೆ, ಅಳು ನಿಲ್ಲಿಸಲು ತಲೆಗೆ ಹೊಡೆದದ್ದೂ ಉಂಟು ಎಂದು ಅವರೇ ಹೇಳಿಕೊಂಡಿದ್ದಾರೆ. ಅಂದರೆ ನೀವೂ ನಾನೂ ಆ ಹುಡುಗನನ್ನು ಬೈಯುವ ಎಷ್ಟೋ ಮೊದಲೇ ಬರೆದವರು ತಮ್ಮನ್ನೇ ಬೈದುಕೊಂಡಿದ್ದರು. ತಾವು ಕೊಡದ ಪ್ರೀತಿಯನ್ನೆಲ್ಲ ಸೇಯ್ತಾನ ಕೈಯಲ್ಲಿ ಕೊಡಿಸಿದರು. ಆದರೂ ಅವನನ್ನು ಉಳಿಸಲಿಲ್ಲ. ಇದು ಗೊತ್ತಾದ ಮೇಲೆ ನನಗೆ ಅವನ ಮೇಲೆ ಸಿಟ್ಟು ಮಾಡುವುದು ಕಷ್ಟವಾಯಿತು.

ಇದನ್ನು 1988ರಲ್ಲಿ ಅನಿಮೇಷನ್ ಸಿನಿಮಾ ಮಾಡಿದ ಇಸಾವೊ ತಕಾಹಾತಾ ಕೂಡ ಚಿಕ್ಕಂದಿನಲ್ಲಿ ಒಕಾಯಾಮಾ ಮೇಲಿನ ದಾಳಿಯಿಂದ ಓಡಿ ಬದುಕಿದವರು. ಮುಂದೆ ಕಾಲ ತಿರುಗಿ, ಆ ಹೆಂಗಸಿಗಿಂತ ಜಾಸ್ತಿ ಸೇಯ್ತಾನನ್ನೇ ದೂರುವ ಜನ ಹುಟ್ಟಬಹುದು, ನೆನೆದರೆ ಭಯವಾಗುತ್ತೆ ಎಂದು ಅವರು ಸಿನಿಮಾ ಬಂದ ಹೊತ್ತಿನಲ್ಲೇ ಹೇಳಿದ್ದರು. ನಿಮ್ಮನ್ನು ಚುಚ್ಚಲು ಇದನ್ನು ಹೇಳುತ್ತಿಲ್ಲ. ಅವರು ಹೇಳಿದ ಜನರಲ್ಲಿ ನಾನೂ ಒಬ್ಬ.

ನನ್ನ ಮನಸ್ಸು ಪೂರ್ತಿ ಬದಲಾದದ್ದು ಅಮ್ಮನಿಂದ. 2024ರಲ್ಲಿ ಸಿನಿಮಾ ನೆಟ್‌ಫ್ಲಿಕ್ಸ್‌ಗೆ ಬಂದಾಗ ಮನೆಯಲ್ಲಿ ಹಾಕಿದ್ದೆ. ಅಮ್ಮನಿಗೆ ಭಾಷೆ ಬರಲ್ಲ, ಅಲ್ಲಲ್ಲಿ ನಾನು ಹೇಳುತ್ತಿದ್ದೆ. ಅವರೂ ಒಂಬತ್ತರ ವಯಸ್ಸಿಗೆ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು, ತಮ್ಮನ ಜೊತೆ ತುಮಕೂರು ಕಡೆಯ ಹಳ್ಳಿಯಲ್ಲಿ ನೆಂಟರ ಮನೆ ಸೇರಿದವರು. ಗಂಜಿ ಬಡಿಸುವ ದೃಶ್ಯ ಬಂತು. ನಾನೇನೂ ಹೇಳಿರಲಿಲ್ಲ. “ನೋಡು, ಇವರಿಗೆ ಹಾಕುವಾಗ ಸೌಟು ತಳಕ್ಕೆ ಹೋಗ್ಲೇ ಇಲ್ಲ” ಅಂದರು. ಎರಡು ಸಲ ಓದಿ, ಒಂದು ಸಲ ನೋಡಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ. ನಿಜ, ಮಗಳಿಗೆ ಹಾಕುವಾಗ ಆ ಹೆಂಗಸು ಸೌಟನ್ನು ತಳದವರೆಗೆ ಇಳಿಸುತ್ತಾಳೆ. ಅಣ್ಣ ತಂಗಿಗೆ ಮೇಲಿನ ನೀರು.

ಹುಡುಗ ಮನೆ ಬಿಟ್ಟು ಹೊರಟಾಗ “ತಪ್ಪು ಮಾಡಿದ ಅಲ್ವಾ ಅಮ್ಮ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಾನೂ ಎರಡು ಸಲ ಬಟ್ಟೆ ಗಂಟು ಕಟ್ಟಿದ್ದೆ ಕಣೋ. ಹೋಗೋಕೆ ಜಾಗ ಇರ್ಲಿಲ್ಲ, ಬಿಚ್ಚಿದೆ” ಅಂದರು. ಅಲ್ಲಿಯವರೆಗೆ ಈ ಮಾತು ನನಗೆ ಹೇಳಿರಲಿಲ್ಲ. ಹಂಗಿನ ಅನ್ನ ಉಂಡೇ ಉಳಿದವರು ಅವರು. ಆದರೂ ಬಿಟ್ಟು ಹೋದ ಹುಡುಗನನ್ನು ಒಂದು ಮಾತೂ ಅನ್ನಲಿಲ್ಲ.

ಆ ಹೆಂಗಸಿನ ಕಷ್ಟವೂ ಸುಳ್ಳಲ್ಲ. ಎಲ್ಲರಿಗೂ ರೇಷನ್, ಮನೆ ತುಂಬ ಬಾಯಿಗಳು. ಆದರೆ ತಪ್ಪು ಯಾರದು ಅಂತ ಹುಡುಕುವಾಗ ನಾವು ಆ ಮನೆಯ ಹೊಸ್ತಿಲು ದಾಟುವುದೇ ಇಲ್ಲ. ಕಥೆ ದಾಟುತ್ತೆ. ಸೇಯ್ತಾ ಸಾಯುವುದು 1945ರ ಸೆಪ್ಟೆಂಬರ್ 21ರ ರಾತ್ರಿ. ಯುದ್ಧದಲ್ಲಿ ಅನಾಥರಾದ ಮಕ್ಕಳನ್ನು ಕಾಪಾಡುವ ಕ್ರಮಗಳನ್ನು ಸರ್ಕಾರ ತೀರ್ಮಾನಿಸಿದ್ದು ಹಿಂದಿನ ದಿನ. ನೊಸಾಕಾ ಇದನ್ನು ಕಥೆಯಲ್ಲೇ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. 1948ರಲ್ಲಿ ಲೆಕ್ಕ ಹಾಕಿದಾಗ ಜಪಾನಿನಲ್ಲಿ ಅನಾಥ ಮಕ್ಕಳು 1.23 ಲಕ್ಷಕ್ಕೂ ಹೆಚ್ಚಿದ್ದರು. ಅವರೆಲ್ಲ ಹಟಮಾರಿಗಳಾಗಿದ್ದರು ಅನ್ನೋಕಾಗುತ್ತಾ?

ಆ ರಾತ್ರಿ ಸಿನಿಮಾ ಮುಗಿದ ಮೇಲೆ ಅಮ್ಮ ತಟ್ಟೆ ಎತ್ತಿಡುತ್ತಾ ಕೇಳಿದರು, “ಆ ಹುಡುಗನಿಗೆ ಎಷ್ಟು ವಯಸ್ಸು ಅಂದೆ?” ಹದಿನಾಲ್ಕು ಅಂದೆ. “ಹದಿನಾಲ್ಕು” ಎಂದು ಅವರೂ ಒಮ್ಮೆ ಹೇಳಿ ಒಳಗೆ ಹೋದರು.