‘ನೋಡೋಣ ಮಾವ’ ಅಂದಿದ್ದು ನಾಲ್ಕು ಸಲ

ಶಿರಸಿ, ಸಿದ್ದಾಪುರ ಕಡೆ ಸಹಕಾರಿ ಸಂಘಗಳಲ್ಲಿ ಕೆಲಸ ಮಾಡುವವರು ಮಾರ್ಚ್ ಹತ್ತಿರ ಬಂದಾಗ ನನ್ನ ಬಳಿ ಆಪ್ತಸಲಹೆಗೆ ಬರುವುದು ಹೆಚ್ಚು. ನಿದ್ದೆ ಇಲ್ಲ, ಊಟ ಸೇರುವುದಿಲ್ಲ ಎಂದು ಮಾತು ಶುರುವಾಗುತ್ತದೆ. ಎರಡು ಮೂರು ಭೇಟಿಯ ನಂತರ ಒಂದು ಸಹಿಯ ವಿಷಯ ಹೊರಗೆ ಬರುತ್ತದೆ. ಪದೇ ಪದೇ ಬರುವ ಪ್ರಕರಣವಾದ್ದರಿಂದ, ಗುರುತು ಸಿಗುವ ವಿವರ ಬದಲಿಸಿ ಒಂದನ್ನು ಬರೆದಿದೆ.

ಆಕೆಗೆ 29 ವರ್ಷ. ಕೆಲಸ ಕೊಡಿಸಿದ ಸೋದರಮಾವ ಅದೇ ಸಂಘದ ನಿರ್ದೇಶಕರು. ಸಂಘದಲ್ಲಿ ಒಬ್ಬ ಅಜ್ಜಿಯಿಂದ ಹಿಂದೆ ಯಾವಾಗಲೋ ಖಾಲಿ ಸಾಲದ ಫಾರಂಗೂ ಹಣ ತೆಗೆಯುವ ಚೀಟಿಗೂ ಸಹಿ ಹಾಕಿಸಿಕೊಂಡು ಇಟ್ಟಿದ್ದರು. ಈಗ ಅದನ್ನು ತುಂಬಿ, ‘ನನ್ನ ಸಮಕ್ಷಮ ಸಹಿ ಮಾಡಿರುತ್ತಾರೆ’ ಎಂಬ ಸಾಲಿನ ಕೆಳಗೆ ಆಕೆ ಸಹಿ ಹಾಕಬೇಕಿತ್ತು. ರಾಜ್ಯದಲ್ಲಿ 5 ಲಕ್ಷದವರೆಗಿನ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿ ಇಲ್ಲ. ಹಾಗಾಗಿ ಇನ್ನೊಬ್ಬರ ಹೆಸರಲ್ಲಿ ಸಾಲ ಎತ್ತಿ, ಹೊರಗೆ ಬಡ್ಡಿಗೆ ಬಿಡುವ ಆಸೆ ಹುಟ್ಟುತ್ತದೆ. ಅಜ್ಜಿಗೆ ಇದು ಗೊತ್ತಾಗುವುದು ಮುಂದೊಂದು ದಿನ ತೋಟ ಹಿಸೆ ಮಾಡಲು ಪಹಣಿ ತೆಗೆಸಿದಾಗ. 11ನೇ ಕಲಮಿನಲ್ಲಿ ಋಣ ಕೂತಿರುತ್ತದೆ.

ಮೂರನೇ ಭೇಟಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಮಾವನಿಗೆ ಏನು ಹೇಳಿದಿರಿ?”

“ನೋಡೋಣ ಮಾವ ಅಂದೆ.”

“ಎಷ್ಟು ಸಲ?”

ಬೆರಳು ಮಡಿಚಿ ಎಣಿಸಿದರು. ನಾಲ್ಕು. ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ. “ಹಂಗಾರೆ ನಾನು ಇಲ್ಲ ಅಂದೇ ಇಲ್ಲ, ಅಲ್ದಾ?” ಎಂದರು.

ನಮ್ಮ ಕಡೆ ಹಿರಿಯರಿಗೆ ನೇರವಾಗಿ ಇಲ್ಲ ಅನ್ನುವ ರೂಢಿ ಇಲ್ಲ. ‘ನೋಡೋಣ’ ಅಂದರೆ ಅರ್ಥ ಮಾಡಿಕೊಳ್ಳುತ್ತಾರೆ ಎಂದು ನಂಬುತ್ತೇವೆ. ಊಟದ ಕರೆಗೆ ಅಷ್ಟು ಸಾಕು. ಆದರೆ ಸಹಿ ಬೇಕಾದವರಿಗೆ ಅದು ‘ಇನ್ನೊಂದು ವಾರ ಬಿಟ್ಟು ಕೇಳಿ’ ಎಂದೇ ಕೇಳಿಸುತ್ತದೆ. ಇನ್ನೊಂದು ತಪ್ಪೂ ಆಗಿತ್ತು. ಮನಸ್ಸು ಒಪ್ಪದಿರುವ ಕಾರಣವನ್ನು ಒಳಗೇ ಇಟ್ಟುಕೊಂಡು, ಆಕೆ ಭಯದ ಕಾರಣ ಮುಂದಿಟ್ಟಿದ್ದರು. ‘ಆಡಿಟಿನಲ್ಲಿ ಸಿಕ್ಕಿಬಿದ್ದರೆ?’ ಅಂದರೆ ಮಾವನ ಉತ್ತರ ‘ಅದನ್ನ ನಾವು ನೋಡ್ಕತ್ಯ’. ‘ಆ ದಿನ ನಾನು ರಜೆ’ ಅಂದರೆ ‘ತಾರೀಕು ಬದಲಿಸಿದ್ರಾತು’. ಕೊನೆಗೆ ‘ಒಂದು ಸಹಿ ಹಾಕಿದ್ರೆ ಎಂತ ಆಗ್ತು ಕೂಸೆ?’ ಭಯ ತೋರಿಸಿದರೆ ಜನ ಭಯಕ್ಕೆ ಪರಿಹಾರ ಹುಡುಕಿ ಕೊಡುತ್ತಾರೆ, ಒತ್ತಡ ಹಾಗೇ ಉಳಿಯುತ್ತದೆ.

ಆ ದಿನದ ಉಳಿದ ಸಮಯವೆಲ್ಲ ಒಂದು ಮಾತಿಗೆ ಹೋಯಿತು: “ಅಜ್ಜಿ ನನ್ನ ಎದುರು ಕೂತು ಸಹಿ ಹಾಕಿದರೆ ನಾನೂ ಹಾಕುತ್ತೇನೆ. ಇಲ್ಲದಿದ್ದರೆ ಹಾಕುವುದಿಲ್ಲ.” ಎದ್ದು ನಿಂತು ಹೇಳಿಸಿದೆ. ಮೊದಲ ಸಲ ‘ಹಾಕುವುದಿಲ್ಲ’ ಬರುವಷ್ಟರಲ್ಲಿ ದನಿ ಇಳಿದು, ಹಿಂದೆಯೇ ಒಂದು ‘ಅಲ್ದಾ ಮಾವ?’ ಸೇರಿಕೊಂಡಿತು. ನಮ್ಮ ಭಾಷೆಯಲ್ಲಿ ಇಡೀ ಮಾತಿನ ಭಾರ ಕೊನೆಯ ಕ್ರಿಯಾಪದದ ಮೇಲೆ. ಅಲ್ಲಿ ದನಿ ಬಿದ್ದರೆ ಹೇಳಿದ್ದೆಲ್ಲ ಬಿದ್ದಂತೆ. ಆ ‘ಅಲ್ದಾ’ ಬಿಡಲು ಎಂಟು ಹತ್ತು ಸಲ ಬೇಕಾಯಿತು. ಕಾರಣ ಕೇಳಿದರೆ ಹೊಸ ಕಾರಣ ಕೊಡಬಾರದು, ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೆ ಹೇಳಬೇಕು. ಮೂರು ಸಲವಾದರೆ ಎದ್ದು ಬರಬೇಕು. ಮಾವನಿಗೆ ಬುದ್ಧಿ ಹೇಳಲು ಹೋಗಬಾರದು; ಹೋದರೆ ಜಗಳ ಅವರ ಮರ್ಯಾದೆಯದಾಗುತ್ತದೆ.

ಇದಕ್ಕೂ ಮುಂಚೆ ಲೆಕ್ಕ ಹಾಕಿಸಿದ್ದೆ. ಸಂಬಳ 14,000, ಅದರಲ್ಲಿ ಮನೆಗೆ ಕೊಡುವುದು 6,000, ಉಳಿತಾಯ 40,000. ಕೆಲಸ ಹೋದರೂ ಆರು ತಿಂಗಳು ಮನೆಗೆ ತೊಂದರೆ ಇಲ್ಲ. ‘ಬೀದಿಗೆ ಬೀಳ್ತೇವೆ’ ಎಂಬ ಹೆದರಿಕೆಗೆ ಅಂಕಿ ಸಿಕ್ಕಿದರೆ ಎದುರು ನಿಲ್ಲಲು ಆಗುತ್ತದೆ. ಮಾವನ ಜೊತೆ ಮಾತುಕತೆ ಆದ ದಿನವೇ ರಾತ್ರಿ ಹೊಲಿಗೆ ಹಾಕಿದ ನೋಟ್‌ಬುಕ್ಕಿನಲ್ಲಿ ದಿನಾಂಕ, ಸಮಯ, ಯಾರಿದ್ದರು, ಆಡಿದ ಮಾತು ಇದ್ದ ಹಾಗೆ ಬರೆದಿಡಲು ಹೇಳಿದೆ. ಬಿಡಿಹಾಳೆ ಬೇಡ, ಆಮೇಲೆ ಸೇರಿಸಿದ್ದು ಎನ್ನುತ್ತಾರೆ. ಸಂಘದ ಕಡತ ಮಾತ್ರ ಮನೆಗೆ ತರಲೇಬಾರದು. ತಂದರೆ ಕಳ್ಳತನದ ಮಾತು ಆಕೆಯ ಮೇಲೆಯೇ ಬರುತ್ತದೆ. ಬಾಯಿಮಾತಿನಲ್ಲಿ ಮತ್ತೆ ಒತ್ತಾಯ ಬಂದರೆ, ‘ಆದೇಶ ಬರಹದಲ್ಲಿ ಕೊಡಿ’ ಎಂದು ಚೀಟಿ ಬರೆದು, ಕಚೇರಿಗೆ ಬಂದದ್ದಕ್ಕೆ ಗುರುತಾಗಿ ಆವಕ ನಂಬರು ಹಾಕಿಸಿ, ಪ್ರತಿ ಇಟ್ಟುಕೊಳ್ಳುವುದು.

ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ದೂರು ಕೊಡಲು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದವರಿದ್ದಾರೆ. ತನ್ನ ಸಹಿ ತಡೆಯುವುದು ಒಂದು ನಿರ್ಧಾರ, ಇನ್ನೊಬ್ಬರ ಮೇಲೆ ದೂರು ಕೊಡುವುದು ಬೇರೆ. ಎರಡನ್ನೂ ಒಟ್ಟಿಗೆ ಹೊರಿಸಿದರೆ ಮನುಷ್ಯ ಎರಡನ್ನೂ ಬಿಟ್ಟು ಸಹಿ ಹಾಕಿ ಬರುತ್ತಾನೆ. ಅದನ್ನು ಎಷ್ಟೋ ಸಲ ನೋಡಿದ್ದರಿಂದಲೇ ಈ ಕ್ರಮ.

ಆಕೆ ಸಹಿ ಹಾಕಲಿಲ್ಲ. ಫಾರಂ ಪಕ್ಕದ ಮೇಜಿಗೆ ಹೋಯಿತು. ನನಗೆ ಹೊಳೆಯದೇ ಹೋಗಿದ್ದು ಅದು: ಆಕೆಯ ಕೈ ಚೊಕ್ಕವಾಯಿತು, ಅಜ್ಜಿಯ ತೋಟ ಹಾಗೇ ಅಪಾಯದಲ್ಲಿತ್ತು. ಅದನ್ನು ಹೇಳಿದ್ದೂ ಆಕೆಯೇ. ಒಂದು ಭಾನುವಾರ ಅಜ್ಜಿಯ ಮನೆಗೆ ಹೋಗಿ, “ಒಂದು ಪಹಣಿ ತೆಗೆಸಿ ನೋಡಿ, ಸಂಘದಲ್ಲಿ ನಿಮ್ಮ ಖಾಲಿ ಫಾರಂ ಇದ್ದು, ವಾಪಸ್ ಕೇಳಿ” ಎಂದು ಹೇಳಿ ಬಂದರು. ಅಜ್ಜಿ ಮರುದಿನವೇ ಮೊಮ್ಮಗನ ಬೈಕಿನಲ್ಲಿ ಸಂಘಕ್ಕೆ ಬಂದು, ಫಾರಂ ಕೈಗೆ ಬರುವವರೆಗೆ ಬೆಂಚಿನಿಂದ ಏಳಲಿಲ್ಲವಂತೆ.

ಕೆಲಸ ಇನ್ನೂ ಇದೆ. ಮಾವನ ಮನೆಯಿಂದ ಈ ವರ್ಷ ಚೌತಿಗೆ ಕರೆ ಬರಲಿಲ್ಲ. ಆಕೆಯ ಆಯಿ, ಅಂದರೆ ಅಮ್ಮ, ಅದಕ್ಕೆ ಇವತ್ತಿಗೂ ಅಳುತ್ತಾರೆ. ನಂತರದ ಎರಡು ಭೇಟಿಗೆ ಅವರನ್ನೂ ಕರೆದುಕೊಂಡು ಬಂದಿದ್ದರು.