ದುಡ್ಡು ಯಾರದೋ, ಪ್ರಶ್ನೆಯೂ ಅವರದೇ

ನಮಸ್ಕಾರ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ನಿಮ್ಮ ಪತ್ರ ಉದ್ದವಾಗಿದೆ, ಹಾಗಾಗಿ ಉಳಿದ ಓದುಗರಿಗೆ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ದಾವಣಗೆರೆ, ಹಾವೇರಿ ಜಿಲ್ಲೆಗಳ ಗೇ ಮತ್ತು ಲೆಸ್ಬಿಯನ್ ಜನರ ಬದುಕಿನ ಬಗ್ಗೆ, ಅಂದರೆ ಕೆಲಸ, ಬಾಡಿಗೆ ಮನೆ, ಮದುವೆಯ ಒತ್ತಾಯ, ಆಸ್ಪತ್ರೆಯಲ್ಲಿ ನಡೆಸಿಕೊಳ್ಳುವ ರೀತಿ ಇವೆಲ್ಲದರ ಬಗ್ಗೆ, ನೀವೂ ಗೆಳೆಯರೂ ಸೇರಿ ಒಂದು ಸಮೀಕ್ಷೆ ಮಾಡಬೇಕು ಅಂತಿದ್ದೀರಿ. ಒಂದು ದತ್ತಿ ಸಂಸ್ಥೆಗೆ ಅರ್ಜಿ ಹಾಕಿದರೆ "ನಿಮ್ಮಲ್ಲಿ ಇಂಥವರು ಎಷ್ಟು ಜನ ಇದ್ದಾರೆ, ಮೊದಲು ಅಂಕಿಅಂಶ ಕೊಡಿ" ಅಂದರಂತೆ. ಅದು ಇದ್ದಿದ್ದರೆ ಸಮೀಕ್ಷೆ ಯಾಕೆ ಬೇಕಿತ್ತು ಅಂತ ಸಿಟ್ಟಾಗಿದ್ದೀರಿ. ನ್ಯಾಯವಾದ ಸಿಟ್ಟೇ. ಕೊನೆಗೆ ಎರಡು ಪ್ರಶ್ನೆ: ದುಡ್ಡು ಎಲ್ಲಿ ಸಿಗುತ್ತೆ, ಪತ್ರಿಕೆ ಓದುಗರ ಹತ್ತಿರ ಕೇಳಿಕೊಡುತ್ತಾ?

ಈ ಗೋಳು ನಿಮ್ಮೊಬ್ಬರದಲ್ಲ. 1989ರಲ್ಲಿ ಬ್ರಿಟನ್ನಿನಲ್ಲಿ ಲೈಂಗಿಕ ಬದುಕಿನ ದೊಡ್ಡ ಸಮೀಕ್ಷೆಗೆ ಎಲ್ಲ ತಯಾರಾಗಿದ್ದಾಗ ಥ್ಯಾಚರ್ ಸರ್ಕಾರ ದುಡ್ಡು ಕೊಡುವುದಿಲ್ಲ ಅಂದಿತು. ವೆಲ್‌ಕಮ್ ಟ್ರಸ್ಟ್ ಅನ್ನುವ ದತ್ತಿ ಸಂಸ್ಥೆ ಕೈ ಹಿಡಿಯಿತು, 18,876 ಜನರನ್ನು ಮಾತಾಡಿಸಿದರು. ಅಮೆರಿಕದಲ್ಲಿ ಸೆನೆಟರ್ ಜೆಸ್ಸಿ ಹೆಲ್ಮ್ಸ್ ಅಂಥವರು ಇಂಥ ಸಮೀಕ್ಷೆಯ ಸರ್ಕಾರಿ ಹಣಕ್ಕೆ ಅಡ್ಡಗಾಲು ಹಾಕಿದರು. 20,000 ಜನರ ಸಮೀಕ್ಷೆ ಅಂತ ಹೊರಟಿದ್ದ ಷಿಕಾಗೋ ವಿಶ್ವವಿದ್ಯಾಲಯದ ತಂಡ 1992ರಲ್ಲಿ ಖಾಸಗಿ ದತ್ತಿ ಹಣ ನೆಚ್ಚಿಕೊಂಡು 3,432 ಜನಕ್ಕೆ ಮುಗಿಸಬೇಕಾಯಿತು. ಚಿಕ್ಕದಾಯಿತು ನಿಜ, ಆದರೆ ಏನು ಕೇಳಬೇಕು ಅನ್ನುವುದು ಅವರ ಕೈಗೆ ವಾಪಸ್ ಬಂತು.

ನಾನು ಹೇಳಬೇಕಾದ ಮಾತು ಇದೇ. ದುಡ್ಡು ಕೊಡುವವರ ಪ್ರಶ್ನೆಗೆ ಮಾತ್ರ ಉತ್ತರ ಸಿಗುತ್ತದೆ. ನಮ್ಮಲ್ಲಿ ಈ ಜನರ ಲೆಕ್ಕಕ್ಕೆ ಬಂದ ದುಡ್ಡಿನಲ್ಲಿ ಬಹುಪಾಲು ಎಚ್‌ಐವಿ ತಡೆಯಲು ಬಂದದ್ದು. ಕರ್ನಾಟಕಕ್ಕೂ 2003ರಿಂದ ಗೇಟ್ಸ್ ಫೌಂಡೇಷನ್ನಿನ 'ಆವಾಹನ್' ಹಣ ಹರಿಯಿತು. ಜೀವ ಉಳಿಸಿತು, ಅದರ ಬಗ್ಗೆ ತಕರಾರಿಲ್ಲ. ಆದರೆ ಅದಕ್ಕೆ ಬೇಕಿದ್ದದ್ದು ರಕ್ತಪರೀಕ್ಷೆ, ಕಾಂಡೋಮ್‌ಗಳ ಲೆಕ್ಕ. 2012ರಲ್ಲಿ ಸರ್ಕಾರ ಸುಪ್ರೀಂ ಕೋರ್ಟಿಗೆ ಕೊಟ್ಟ, ದೇಶದಲ್ಲಿ ಸಲಿಂಗಿಗಳು 25 ಲಕ್ಷ ಅನ್ನುವ ಅಂದಾಜು ಕೂಡ ಗಂಡಸರದ್ದೇ. ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳಿಂದ ವೈರಸ್ ಹರಡುವ ಭಯ ಇಲ್ಲವಲ್ಲ, ಅವರು ಲೆಕ್ಕದಲ್ಲೇ ಇಲ್ಲ! ಮನೆ ಖಾಲಿ ಮಾಡಿಸಿದರಾ, ಬಲವಂತದ ಮದುವೆ ಆಯಿತಾ ಅಂತ ಯಾರು ಕೇಳಬೇಕು?

ಹಾಗಾಗಿ "ಎಷ್ಟು ಜನ" ಅನ್ನುವುದನ್ನು ಅರ್ಜಿಯಿಂದ ತೆಗೆದುಹಾಕಿ. ಅದು ನಿಮ್ಮಿಂದ ಆಗದ ಕೆಲಸ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ನೇರವಾಗಿ ಕೇಳಿದಾಗ 3.2% ಜನ ತಾವು ಗೇ, ಲೆಸ್ಬಿಯನ್, ಬೈಸೆಕ್ಷುವಲ್ ಇತ್ಯಾದಿ ಅಂದರು, 7.5% ಜನ ಉತ್ತರವನ್ನೇ ಕೊಡಲಿಲ್ಲ. ಅಲ್ಲೇ ಹಾಗಿದ್ದರೆ ಹರಿಹರದಲ್ಲಿ ಮನೆ ಬಾಗಿಲು ತಟ್ಟಿ ಕೇಳುವುದು ಆಗುವ ಮಾತಾ? ಬದುಕು ಹೇಗಿದೆ ಅಂತ ಕೇಳುತ್ತೇವೆ ಅನ್ನಿ, ಸಾಕು. ಸುಪ್ರೀಂ ಕೋರ್ಟಿನ 2023ರ ಸಲಿಂಗ ಮದುವೆ ಪ್ರಕರಣದಲ್ಲಿ ಕೇಂದ್ರ ಸರ್ಕಾರ ಇದು ನಗರದ ಉಳ್ಳವರ ವಿಚಾರ ಅಂದಾಗ, ಹಾಗೆನ್ನಲು ನಿಮ್ಮ ಹತ್ತಿರ ಅಂಕಿಅಂಶ ಇಲ್ಲವಲ್ಲ ಅಂತ ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಕೇಳಿದರು. ತೀರ್ಪು ಮದುವೆಯ ಹಕ್ಕು ಕೊಡಲಿಲ್ಲ, ಅದು ಬೇರೆ ಮಾತು. ಆದರೆ ಸಣ್ಣ ಊರುಗಳ ಸಮೀಕ್ಷೆ ಯಾಕೆ ಅಂತ ಯಾರಾದರೂ ಕೇಳಿದರೆ ಇದನ್ನೇ ತೋರಿಸಿ.

ಇನ್ನು ದುಡ್ಡು. ನ್ಯೂಜೆರ್ಸಿಯ ನಿಮ್ಮ ದೊಡ್ಡಮ್ಮನ ಮಗ ಕಳಿಸುತ್ತಾರೆ ಅಂತ ಬರೆದಿದ್ದೀರಿ. ಮೊದಲು ಅವರ ಪಾಸ್‌ಪೋರ್ಟ್ ಯಾವುದು ಅಂತ ಕೇಳಿ. ಭಾರತದ್ದೇ ಆಗಿದ್ದು, ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅಡ್ಡಿಯಿಲ್ಲ. ಅಮೆರಿಕದ ಪೌರತ್ವ ತಗೊಂಡಿದ್ದರೆ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಅಥವಾ ಸರ್ಕಾರದ ಮುಂಚಿನ ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. ಆ ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ಆಗಿರಬೇಕು, 15 ಲಕ್ಷ ಖರ್ಚು ಮಾಡಿರಬೇಕು, ನಿಮ್ಮದಿನ್ನೂ ಹಸುಗೂಸು. ನೋಂದಣಿ ಇರುವ ಬೇರೆ ಸಂಸ್ಥೆ ತನಗೆ ಬಂದದ್ದರಲ್ಲಿ ನಿಮಗಿಷ್ಟು ಅಂತ ಕೊಡುವುದನ್ನೂ 2020ರ ತಿದ್ದುಪಡಿ ನಿಲ್ಲಿಸಿದೆ. ಅವರೇ ಸಮೀಕ್ಷೆ ನಡೆಸಿ ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು.

ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣದ ಆಸೆ ಸದ್ಯಕ್ಕೆ ಬಿಡಿ. ಜೂನ್ ಬಂದರೆ, ಅಂದರೆ ಸಲಿಂಗಿಗಳ 'ಪ್ರೈಡ್' ತಿಂಗಳು ಬಂದರೆ, ಲೋಗೋಗೆ ಕಾಮನಬಿಲ್ಲಿನ ಬಣ್ಣ ಬಳಿಯುವ ಕಂಪನಿಗಳು ಕೂಡ ಚೆಕ್ ಬರೆಯುವಾಗ 12ಎ, 80ಜಿ ಅನ್ನುವ ತೆರಿಗೆ ನೋಂದಣಿ, ಸಿಎಸ್‌ಆರ್-1 ನೋಂದಣಿ ಎಲ್ಲಿ ಅಂತ ಕೇಳುತ್ತವೆ.

ನನಗೆ ಸರಿ ಅನ್ನಿಸುವ ದಾರಿ ಯಾವುದಾದರೂ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗ. ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಅನುದಾನಕ್ಕೆ ಅಲ್ಲಿನ ಅಧ್ಯಾಪಕರು ಅರ್ಜಿ ಹಾಕಬಹುದು, ಸಂಶೋಧನೆಯಿಂದ ಜನಕ್ಕೆ ಹಾನಿಯಾಗದಂತೆ ನೋಡುವ ನೈತಿಕ ಸಮಿತಿಯ ಒಪ್ಪಿಗೆಯೂ ಅಲ್ಲೇ ಸಿಗುತ್ತದೆ. ಮನಸ್ಸಿರುವ ಒಬ್ಬ ಮೇಡಂ ಅಥವಾ ಸರ್ ಸಿಕ್ಕರೆ ಅರ್ಧ ಕೆಲಸ ಆದಂತೆ.

ನೀವು ಕಳಿಸಿದ ಪ್ರಶ್ನಾವಳಿ ಓದಿದೆ. 4ನೇ ಪ್ರಶ್ನೆ, "ಮದುವೆಯಾಗಿದೆಯೇ?" ಹೌದು ಅಂದವರು ಸೀದಾ 15ಕ್ಕೆ ಹೋಗಬೇಕು ಅಂತ ಹಾಕಿದ್ದೀರಿ. ರಾಣೆಬೆನ್ನೂರಿನಲ್ಲಿ ಹೆಂಡತಿ, ಇಬ್ಬರು ಮಕ್ಕಳು ಇರುವ ಗಂಡಸು ಹೌದು ಅಂತಾನೆ. ಮನೆಯವರ ಒತ್ತಾಯ, ಬೆದರಿಕೆ, ಗುಟ್ಟು ಕಾಯುವ ಕಷ್ಟ ಎಲ್ಲ ಇರುವುದು 5ರಿಂದ 14ರೊಳಗೆ. ಯಾರನ್ನು ಕೇಳಬೇಕಿತ್ತೋ ಅವನನ್ನೇ ದಾಟಿಸಿ ಕಳಿಸಿದಿರಿ. ಹೆಂಗಸರ ವಿಷಯದಲ್ಲಿ ಇದು ಇನ್ನೂ ಜಾಸ್ತಿ.

ಒಬ್ಬರಿಂದ ಇನ್ನೊಬ್ಬರಿಗೆ ಕೂಪನ್ ಕೊಟ್ಟು ಜನರನ್ನು ಹುಡುಕುವ ಪದ್ಧತಿ ಬೆಂಗಳೂರಿಗೆ ಸರಿ. ಚಿಕ್ಕ ಊರಿನಲ್ಲಿ ಆ ಚೀಟಿ ಅಂಗಿ ಜೇಬಿನಲ್ಲಿ ಅಮ್ಮನಿಗೆ ಸಿಕ್ಕರೆ? ಅದರ ಮೇಲೆ ಸಮೀಕ್ಷೆಯ ಹೆಸರೇ ಇರಬಾರದು. ಮಾತುಕತೆ ಅವರ ಮನೆಯಲ್ಲಂತೂ ಬೇಡವೇ ಬೇಡ.

ಓದುಗರ ಹತ್ತಿರ ದುಡ್ಡು ಕೇಳುವ ವಿಷಯ: ಇಲ್ಲ. ನೋಂದಣಿ, ಆಡಿಟ್ ಇಲ್ಲದ ಗುಂಪಿನ ಖಾತೆ ನಂಬರ್ ನಾವು ಯಾರದ್ದೂ ಹಾಕುವುದಿಲ್ಲ, ನಿಮ್ಮದೂ ಅಷ್ಟೇ. ಆದರೆ ನೈತಿಕ ಸಮಿತಿಯ ಒಪ್ಪಿಗೆ ಪತ್ರ ಬಂದ ತಿಂಗಳು ಒಂದು ಪುಟ ಪುಕ್ಕಟೆ ಕೊಡುತ್ತೇನೆ, ಸಮೀಕ್ಷೆಗೆ ಜನರನ್ನು ಕರೆಯಲು. ಅಷ್ಟರಲ್ಲಿ ಬಜೆಟ್ ತಿದ್ದಿ. ಟ್ಯಾಬ್‌ಗಳಿಗೆ ಒಂದೂವರೆ ಲಕ್ಷ, ಆಪ್ತಸಲಹೆಗೆ ಹತ್ತು ಸಾವಿರ ಇಟ್ಟಿದ್ದೀರಿ. ಕಾಗದ, ಪೆನ್ನಿನಲ್ಲಿ ಬರೆದುಕೊಳ್ಳಿ. ಉಳಿದ ದುಡ್ಡನ್ನು ಬಸ್ ಚಾರ್ಜಿಗೆ, ಬಾಗಿಲು ಹಾಕಿಕೊಂಡು ಮಾತಾಡಬಹುದಾದ ಒಂದು ಬಾಡಿಗೆ ಕೋಣೆಗೆ, ಮಾತಾಡಿದ ಮೇಲೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದರೂ ಎತ್ತುವ ಒಬ್ಬ ಆಪ್ತಸಲಹೆಗಾರರಿಗೆ ಹಾಕಿ.